ನಿಮ್ಮ ಸಾರ್ಜೆಂಟ್ ಬಹಳ ಮಾತನಾಡುತ್ತಾನೆ

ಪ್ರಿಯ ಲೇಖಕರೇ,

ಆಂಟೋನ್ ಷ್ಮಿಡ್ ಕುರಿತ ನಿಮ್ಮ ಕಥೆಯನ್ನು ಈ ರೂಪದಲ್ಲಿ ಪ್ರಕಟಿಸಲಾರೆ. ಜರ್ಮನ್ ಸೈನ್ಯದಲ್ಲಿದ್ದುಕೊಂಡೇ ಯಹೂದಿಗಳನ್ನು ಗುಟ್ಟಾಗಿ ಪಾರುಮಾಡಿದ ಈ ಸಾರ್ಜೆಂಟನನ್ನು ಆರಿಸಿಕೊಂಡದ್ದು ಮೆಚ್ಚುಗೆಯಾಯಿತು. ನನ್ನ ತಕರಾರು ಅವನ ಬಾಯಿಯ ಬಗ್ಗೆ. ವಿಲ್ನಾದ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ನಡುಬೀದಿಯಲ್ಲಿ ನಿಂತು ಮಾನವೀಯತೆಯ ಮೇಲೆ ಒಂದೂವರೆ ಪುಟ ಭಾಷಣ ಬಿಗಿಯುತ್ತಾನೆ. 1941ರಲ್ಲಿ ಜರ್ಮನ್ ಸಮವಸ್ತ್ರ ತೊಟ್ಟು ಹಾಗೆ ಮಾತನಾಡಿದವನು ಸಂಜೆಯೊಳಗೆ ಸೆರೆಯಲ್ಲಿರುತ್ತಿದ್ದ. ಆಮೇಲೆ ಯಾರನ್ನು ಉಳಿಸುವುದು?

ಷ್ಮಿಡ್ ವಿಯೆನ್ನಾದಲ್ಲಿ ರೇಡಿಯೊ ಅಂಗಡಿ ಇಟ್ಟುಕೊಂಡಿದ್ದವನು. ದಳದಿಂದ ಚದುರಿಹೋದ ಸೈನಿಕರನ್ನು ಕಲೆಹಾಕಿ ಮರಳಿ ಕಳುಹಿಸುವ ಕಚೇರಿ ಸೈನ್ಯದಲ್ಲಿ ಅವನ ಪಾಲಿಗೆ ಬಂದಿತ್ತು. ಅದರ ಕೈಕೆಳಗೆ ಕಾರ್ಯಾಗಾರಗಳಿದ್ದವು, ಟ್ರಕ್ಕುಗಳಿದ್ದವು, ಕಾಗದಪತ್ರಗಳಿದ್ದವು. ಕಥೆ ಇರುವುದೇ ಇಲ್ಲಿ. ನೀವು ಕೊಟ್ಟಿರುವುದು ಒಂದು ವಾಕ್ಯ. 1941ರ ಅಕ್ಟೋಬರಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೊದಲ್ಲಿ ಹಂಚಿದ ಹಳದಿ ಕೆಲಸದ ಚೀಟಿಗಳು ಸುಮಾರು 3,000. ಚೀಟಿ ಸಿಕ್ಕವನಿಗೆ, ಅವನ ಹೆಂಡತಿಗೆ, ಇಬ್ಬರು ಮಕ್ಕಳಿಗೆ ಸದ್ಯಕ್ಕೆ ಜೀವ. ಉಳಿದವರಿಗೆ ಗುಂಡಿಕ್ಕಿ ಕೊಲ್ಲುತ್ತಿದ್ದ ಊರಾಚೆಯ ಪೊನಾರಿ ಕಾಡು, ಇಂಧನ ಟ್ಯಾಂಕುಗಳಿಗೆಂದು ಸೋವಿಯತ್ತರು ತೋಡಿಸಿದ್ದ ಗುಂಡಿಗಳು. ಮೂವರು ಮಕ್ಕಳ ಬಡಗಿಯೊಬ್ಬ ಷ್ಮಿಡ್‌ನ ಮೇಜಿನ ಮುಂದೆ ಬಂದು ನಿಂತರೆ? ಮುದಿ ತಾಯಿಯನ್ನು ಕರೆದುಕೊಂಡು ಬಂದ ಮಗ? ಅದನ್ನು ಬರೆಯಿರಿ. ಪೋಲೆಂಡಿನ ಬಿಯಾಲಿಸ್ಟಾಕ್ ಊರಿನ ಕಡೆಗೆ ಗುಟ್ಟಾಗಿ ಹೊರಟ ಟ್ರಕ್ಕಿನಲ್ಲಿ ಜನ ಎಲ್ಲಿ ಕೂರುತ್ತಿದ್ದರು, ದಾರಿಯಲ್ಲಿ ತಡೆದರೆ ಚಾಲಕ ಏನು ತೋರಿಸಬೇಕು, ಓದುಗನಿಗೆ ಅದೂ ಬೇಕು.

ನಿಮ್ಮ ಯಹೂದಿಗಳಂತೂ ಅಳುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಇದು ನನಗೆ ಭಾಷಣಕ್ಕಿಂತ ಹೆಚ್ಚು ಕಿರಿಕಿರಿ ಮಾಡಿತು. ಷ್ಮಿಡ್‌ನ ಮನೆಯಲ್ಲಿ ಯಹೂದಿ ಪ್ರತಿರೋಧದ ಯುವಕರು ಸೇರುತ್ತಿದ್ದರು. ಅವರಲ್ಲೊಬ್ಬ ಮೊರ್ದೆಖಾಯ್ ಟೆನೆನ್‌ಬಾಮ್, 1943ರ ಬಿಯಾಲಿಸ್ಟಾಕ್ ಗೆಟ್ಟೊ ದಂಗೆಯ ಮುಂದಾಳು. ಅಂಥವರು ಕಣ್ಣೀರು ಒರೆಸಿಕೊಂಡು ಮೂಲೆಯಲ್ಲಿ ಕೂತಿರುತ್ತಾರೆಯೇ?

ಇನ್ನು ಷ್ಮಿಡ್‌ನ ಮರಣದಂಡನೆಯ ದೃಶ್ಯ. 1942ರ ಏಪ್ರಿಲ್ 13 ಎಂಬ ದಿನಾಂಕ ಸರಿಯಾಗಿದೆ. ಮಳೆ, ಪಾರಿವಾಳ, ಆಕಾಶದ ಕಡೆ ಎತ್ತಿದ ಮುಖ ಎಲ್ಲವನ್ನೂ ಹೊಡೆದುಹಾಕಿದ್ದೇನೆ. ಹೆಂಡತಿಗೆ ಬರೆದ ಪತ್ರದಲ್ಲಿ ಆತ ತನ್ನದು ಮೆತ್ತನೆಯ ಮನಸ್ಸು, ಯೋಚಿಸಲಾಗದೆ ನೆರವಾದೆ ಎಂಬಷ್ಟನ್ನೇ ಹೇಳಿಕೊಂಡಿದ್ದಾನೆ. ಅಷ್ಟು ಕಡಿಮೆ ಮಾತಿನವನ ಬಾಯಿಗೆ ನಿಮ್ಮ ಒಂದೂವರೆ ಪುಟ ಹೊಂದುವುದಿಲ್ಲ. ಅವನು ಸತ್ತ ಮೇಲೆ ದ್ರೋಹಿಯ ಹೆಂಡತಿಯೆಂದು ನೆರೆಹೊರೆಯವರು ಆಕೆಯನ್ನು ಹಂಗಿಸಿದರು, ಮನೆಯ ಕಿಟಕಿ ಒಡೆದರು. ನಾನಾದರೆ ಕಥೆಯನ್ನು ವಿಯೆನ್ನಾದ ಆ ಮನೆಗೆ ಒಯ್ಯುತ್ತಿದ್ದೆ.

ತಿದ್ದಿ ಬರೆದರೆ ಮತ್ತೆ ಕಳುಹಿಸಿ. ಖಂಡಿತ ಓದುತ್ತೇನೆ.

ಸಂಪಾದಕ