ಹದಿನಾರು ಚೌಕದೊಳಗೆ ಒಂದು ರೂಪಾಯಿ

ಪ್ರಶ್ನೆ: ಮೇಡಂ, ನಮ್ಮೂರಿನ ಹಾಲಿನ ಡೇರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಟೂಲ್‌ಬಾರ್‌ಗೆ ಬೇಕಾದ ಐಕಾನ್‌ಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡೆ. 512 ಪಿಕ್ಸೆಲ್‌ನ ಚಿತ್ರಗಳು, ದೊಡ್ಡದಾಗಿ ನೋಡಿದರೆ ತುಂಬಾ ಚೆನ್ನಾಗಿವೆ. ಟೂಲ್‌ಬಾರ್‌ಗೆ ಹಾಕಿದರೆ ಮಸುಕು. ಡೇರಿಯವರು ಹೊಸ ಲ್ಯಾಪ್‌ಟಾಪ್ ತಂದ ಮೇಲಂತೂ ಮಸುಕು ಇನ್ನೂ ಜಾಸ್ತಿಯಾಗಿದೆ. ಏನು ಮಾಡಲಿ?
— ಓದುಗರು, ಹಾಸನ ಜಿಲ್ಲೆ

ಉತ್ತರ: ನಾನೂ ಡೇರಿ ಸಾಫ್ಟ್‌ವೇರ್‌ನಿಂದಲೇ ಕೆಲಸ ಶುರು ಮಾಡಿದವಳು. ನಿಮ್ಮ ಪತ್ರ ಓದಿ ಖುಷಿಯಾಯಿತು.

512 ಪಿಕ್ಸೆಲ್‌ನ ಚಿತ್ರವನ್ನು ಟೂಲ್‌ಬಾರ್‌ನ ಅಳತೆಗೆ, ಅಂದರೆ 16ಕ್ಕೆ ಇಳಿಸಿದಾಗ ಆಗುವುದು ಇಷ್ಟು: 32 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರದ ಜಾಗ, ಅಂದರೆ 1,024 ಚುಕ್ಕೆಗಳು ಸೇರಿ ಒಂದೇ ಚುಕ್ಕೆಯಾಗುತ್ತವೆ. ಕಪ್ಪು ಗೆರೆ, ಬಿಳಿ ಕಾಗದ ಎಲ್ಲ ಬೆರೆತು ಬೂದು ಬಣ್ಣವಾಗುತ್ತದೆ. ಚಿತ್ರ ಬರೆದವರ ತಪ್ಪೇನಿಲ್ಲ. ಅವರು ದೊಡ್ಡ ಅಳತೆಗೆ ಬರೆದರು, ನೀವು ಚಿಕ್ಕ ಅಳತೆಯಲ್ಲಿ ತೋರಿಸುತ್ತಿದ್ದೀರಿ.

ಇನ್ನು ಹೊಸ ಲ್ಯಾಪ್‌ಟಾಪ್. ಅದರ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ನೋಡಿ, ಸ್ಕೇಲ್ 125 ಅಥವಾ 150 ಶೇಕಡಾ ಅಂತ ಇರುತ್ತದೆ. 125 ಇದ್ದರೆ 16ರ ಐಕಾನ್ 20 ಪಿಕ್ಸೆಲ್ ಜಾಗ ತುಂಬಬೇಕು. ನಿಮ್ಮಲ್ಲಿ 20ರ ಚಿತ್ರ ಇಲ್ಲದಿದ್ದರೆ 16ರದ್ದನ್ನೇ ಎಳೆದು ಹಿಗ್ಗಿಸಬೇಕಾಗುತ್ತದೆ. ಒಂದು ಚುಕ್ಕೆ ಒಂದೂಕಾಲು ಚುಕ್ಕೆಯಾಗುವುದಕ್ಕೆ ಸಾಧ್ಯ ಇಲ್ಲ ಅಲ್ವಾ? ಅಲ್ಲಿ ಮತ್ತೆ ಬೂದು ಬರುತ್ತದೆ. ಅದಕ್ಕೇ ಪ್ರತಿ ಐಕಾನನ್ನೂ 16, 20, 24, 32 ಹೀಗೆ ನಾಲ್ಕು ಅಳತೆಯಲ್ಲಿ ಬೇರೆ ಬೇರೆಯಾಗಿ ತಯಾರಿಸಿಕೊಳ್ಳಿ. 24 ಮತ್ತು 32ಕ್ಕೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ. 16 ಮತ್ತು 20ನ್ನು ಮಾತ್ರ ಒಂದೊಂದೇ ಚುಕ್ಕೆ ಇಟ್ಟು ಬರೆಯಿರಿ. ನಾನು ಈಗಲೂ ಮೊದಲು ಚೌಕುಳಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ. 1984ರ ಮೊದಲ ಮ್ಯಾಕಿಂಟಾಷ್‌ಗೆ ಐಕಾನ್ ಮಾಡಿದ ಸೂಸನ್ ಕೇರ್ ಕೂಡ ಚೌಕುಳಿ ಕಾಗದದಲ್ಲೇ ಬರೆದಿದ್ದರು.

ನಿಮ್ಮ ಬಟವಾಡೆ ಬಟನ್ನನ್ನೇ ತೆಗೆದುಕೊಳ್ಳಿ. ಇಳಿಸಿಕೊಂಡ ಸೆಟ್‌ನಲ್ಲಿ ಅದಕ್ಕೆ ಡಾಲರ್ ಚಿಹ್ನೆ ಇರುತ್ತದೆ. ಡೇರಿಯ ಕಾರ್ಯದರ್ಶಿಗೆ ಡಾಲರ್ ಯಾಕೆ? ₹ ಚಿಹ್ನೆಗೆ 2010ರ ಜುಲೈಯಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಅದನ್ನು ಸುಮ್ನೆ ಫಾಂಟ್‌ನಿಂದ ತೆಗೆದು ಚಿಕ್ಕದು ಮಾಡಿದರೆ ಮೇಲಿನ ಎರಡು ಅಡ್ಡಗೆರೆಗಳು ಅಂಟಿಕೊಳ್ಳುತ್ತವೆ. ನಾನು ಬರೆಯುವ ರೀತಿ ಹೇಳುತ್ತೇನೆ. 16 ಸಾಲುಗಳಲ್ಲಿ ಮೊದಲನೆಯದು ಖಾಲಿ. 2 ಮತ್ತು 3ರಲ್ಲಿ ಮೊದಲ ಗೆರೆ. 4, 5 ಖಾಲಿ. 6 ಮತ್ತು 7ರಲ್ಲಿ ಎರಡನೇ ಗೆರೆ. ಬಲಗಡೆಯ ಬಾಗು 10ನೇ ಸಾಲಿಗೆ ಮುಗಿದು, ಅಲ್ಲಿಂದ ಓರೆಗೆರೆ 15ಕ್ಕೆ ಇಳಿಯುತ್ತದೆ. ನಡುವಿನ ಆ ಎರಡು ಖಾಲಿ ಸಾಲನ್ನು ಯಾವ ಕಾರಣಕ್ಕೂ ತುಂಬಬೇಡಿ. ರೂಪಾಯಿ ರೂಪಾಯಿಯಂತೆ ಕಾಣುವುದೇ ಅದರಿಂದ.

ಇಂಕ್‌ಸ್ಕೇಪ್‌ನಲ್ಲಿ ಬರೆಯುವಾಗ ಇನ್ನೊಂದು ತೊಂದರೆ ಬರುತ್ತದೆ. ಒಂದು ಪಿಕ್ಸೆಲ್ ದಪ್ಪದ ಗೆರೆಯನ್ನು ಗ್ರಿಡ್‌ನ ಗೆರೆಯ ಮೇಲೆಯೇ ಇಟ್ಟರೆ ಅರ್ಧ ಮೇಲಿನ ಸಾಲಿಗೆ, ಅರ್ಧ ಕೆಳಗಿನ ಸಾಲಿಗೆ ಹೋಗುತ್ತದೆ. ಒಂದು ಕಪ್ಪು ಗೆರೆಯ ಬದಲು ಎರಡು ಬೂದು ಗೆರೆ. ಅದನ್ನು ಅರ್ಧ ಪಿಕ್ಸೆಲ್ ಸರಿಸಿ, ಕೂಡಲೇ ಗೆರೆ ಗರಿಗರಿಯಾಗಿ ಕಾಣುತ್ತದೆ. ನನ್ನ ಮೊದಲ ಪ್ರಿಂಟರ್ ಐಕಾನ್ ಯಾಕೆ ಮಸುಕು ಅಂತ ತಿಳಿಯದೆ ನಾನು ಎರಡು ದಿನ ಒದ್ದಾಡಿದ್ದೆ.

ಐಕಾನ್ ಬದಲಿಸಿ, ಅವುಗಳ ಜಾಗ ಮಾತ್ರ ಬದಲಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಾನು ಸಾಫ್ಟ್‌ವೇರ್ ಕೊಟ್ಟಿದ್ದ ಒಂದು ಡೇರಿಯಲ್ಲಿ ಕಾರ್ಯದರ್ಶಿ ಅಕ್ಕ ಒಬ್ಬರಿದ್ದರು. ಒಂದು ಕಣ್ಣು ಕ್ಯಾನ್ ಮೇಲೆ, ಒಂದು ಕೈ ಮೌಸ್ ಮೇಲೆ. ಚೀಟಿ ಪ್ರಿಂಟ್ ಮಾಡುವ ಬಟನ್ ಎಡಗಡೆಯಿಂದ ಮೂರನೇದು ಅಂತ ಅವರ ಕೈಗೆ ಗೊತ್ತಿತ್ತು. ಹೊಸ ಆವೃತ್ತಿಯಲ್ಲಿ ನಾನು ಅಲ್ಲಿ ಅಳಿಸುವ ಬಟನ್ ತಂದಿಟ್ಟೆ, ನೋಡಲು ಚೆಂದ ಅಂತ. ಬೆಳಿಗ್ಗೆ ಆರೂವರೆಗೆ ಸಾಲು ನಿಂತಿರುವಾಗ ಒಬ್ಬ ಅಜ್ಜಿಯ ಹಾಲಿನ ಲೆಕ್ಕ ಅಳಿಸಿಹೋಯಿತು. ಎಲ್ಲರ ಎದುರು ಅಕ್ಕನಿಗೆ ಮುಜುಗರ. ತಪ್ಪು ಪೂರ್ತಿ ನನ್ನದು. ಅಂದಿನಿಂದ ಅಳಿಸುವ ಬಟನ್ ಬಲತುದಿಯಲ್ಲಿ, ಉಳಿದವುಗಳಿಂದ ದೂರ ಇಡುತ್ತೇನೆ.

ಪ್ರಶ್ನೆ: ಪುಕ್ಕಟೆ ಸಿಗುವ ಐಕಾನ್ ಸೆಟ್‌ಗಳನ್ನು ದುಡ್ಡಿಗೆ ಮಾರುವ ಸಾಫ್ಟ್‌ವೇರ್‌ನಲ್ಲಿ ಬಳಸಬಹುದೇ?
— ಓದುಗರು, ಬೆಳಗಾವಿ

ಉತ್ತರ: ಲೈಸೆನ್ಸ್ ಓದಿದ ಮೇಲೆ ಬಳಸಿ. ಟ್ಯಾಂಗೋ ಸೆಟ್‌ನ ಐಕಾನ್‌ಗಳು 2009ರಿಂದ ಪಬ್ಲಿಕ್ ಡೊಮೇನ್, ಅಂದರೆ ಎಲ್ಲರ ಸ್ವತ್ತು, ಯಾರ ಹೆಸರನ್ನೂ ಹಾಕಬೇಕಿಲ್ಲ. ಗೂಗಲ್‌ನ ಮೆಟೀರಿಯಲ್ ಐಕಾನ್‌ಗಳಿಗೆ ಅಪಾಚೆ 2.0, ಫೆದರ್ ಅನ್ನುವ ಸೆಟ್‌ಗೆ ಎಂಐಟಿ ಲೈಸೆನ್ಸ್. ಎರಡನ್ನೂ ಮಾರುವ ಸಾಫ್ಟ್‌ವೇರ್‌ಗೆ ಹಾಕಬಹುದು, ಲೈಸೆನ್ಸ್ ಫೈಲ್ ಜೊತೆಗೆ ಕೊಡಿ. ಸಿಲ್ಕ್ ಅನ್ನುವ ಹಳೆಯ 16 ಪಿಕ್ಸೆಲ್ ಸೆಟ್ ನನಗೆ ಬಹಳ ಇಷ್ಟ. ಅದನ್ನು ಬಳಸಿದರೆ ಮಾಡಿದವರ ಹೆಸರು ಹಾಕಲೇಬೇಕು. ‘ಸಾಫ್ಟ್‌ವೇರ್ ಬಗ್ಗೆ’ ಅನ್ನುವ ಪುಟದಲ್ಲಿ ಒಂದು ಸಾಲು ಸಾಕು. ಕೊಡಬೇಕಿಲ್ಲದಿದ್ದರೂ ನಾನು ಹೆಸರು ಹಾಕುತ್ತೇನೆ, ಕೆಲಸ ಅವರದ್ದಲ್ವಾ.

ಎರಡು ಸೆಟ್‌ಗಳನ್ನು ಬೆರೆಸಬೇಡಿ. ಒಂದರ ಗೆರೆ ತೆಳು, ಇನ್ನೊಂದರದ್ದು ದಪ್ಪ, ಟೂಲ್‌ಬಾರ್ ಹರಕಲು ಕಾಣುತ್ತದೆ. ಬೇಕಾದ ಚಿತ್ರ ಸೆಟ್‌ನಲ್ಲಿ ಇಲ್ಲದಿದ್ದರೆ ಅದೇ ದಪ್ಪದ ಗೆರೆಯಲ್ಲಿ ನೀವೇ ಬರೆದು ಸೇರಿಸಿ.

ಪ್ರಶ್ನೆ: ಸೇವ್ ಬಟನ್ ಮೇಲಿನ ಫ್ಲಾಪಿ, ಅಂದರೆ ಹಳೆಯ ಕಾಲದ ಡಿಸ್ಕ್, ಈಗ ಯಾರೂ ನೋಡಿಲ್ಲ. ಸೇವ್ ಬಟನ್‌ಗೆ ಬೇರೆ ಚಿತ್ರ ಹಾಕಲೇ?
— ಓದುಗರು, ಕುಂದಾಪುರ

ಉತ್ತರ: ಬೇಡ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು, ನಿಜ. ನನ್ನ ಮಗಳೂ ಫ್ಲಾಪಿ ಕೈಯಲ್ಲಿ ಹಿಡಿದವಳಲ್ಲ. ಆದರೂ ಆ ನೀಲಿ ಚೌಕ ಕಂಡರೆ ಸೇವ್ ಅಂತ ಅವಳಿಗೆ ಗೊತ್ತು. ನೀವು ಕಪಾಟನ್ನೋ ಕೆಳಮುಖದ ಬಾಣವನ್ನೋ ಹಾಕಿದರೆ ಡೌನ್‌ಲೋಡ್ ಅಂದುಕೊಂಡಾರು. ಅನುಮಾನ ಇದ್ದರೆ ಐಕಾನ್ ಕೆಳಗೆ ‘ಉಳಿಸಿ’ ಅಂತ ಕನ್ನಡದಲ್ಲಿ ಬರೆಯಿರಿ. ಅದಕ್ಕೆ ಎತ್ತರದಲ್ಲಿ ಸ್ವಲ್ಪ ಜಾಸ್ತಿ ಜಾಗ ಬಿಡಿ, ಒತ್ತಕ್ಷರದ ಕಾಲು ಕತ್ತರಿಸಿಹೋಗಬಾರದು.