ಹದಿನಾಲ್ಕು ಸ್ಪೂರ್ತಿ, ಒಂದಕ್ಕೂ ಮಹಾಪ್ರಾಣವಿಲ್ಲ

ನಮಸ್ಕಾರ.

‘ನನ್ನ ಓದು, ನನ್ನ ಸ್ಪೂರ್ತಿ’ ಎಂಬ ನಿಮ್ಮ ಲೇಖನ, ಜೊತೆಗಿಟ್ಟಿದ್ದ ಕತೆ ಎರಡನ್ನೂ ಓದಿದೆ. ಲೇಖನವನ್ನು ಎರಡು ಸಲ. ಈಗಿರುವ ರೂಪದಲ್ಲಿ ಎರಡನ್ನೂ ಹಾಕಿಕೊಳ್ಳಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ಎದೆ ಡವಗುಟ್ಟದೆ ಓದಬಹುದು. ನಾನು ಮೊದಲ ಸಲ ಒಂದು ಪತ್ರಿಕೆಗೆ ಕಳಿಸಿದ್ದು ‘ವಿಷಾದಗಳೊಂದಿಗೆ’ ಎಂಬ ಒಂದೇ ಪದ ಅಚ್ಚಾಗಿದ್ದ ಚೀಟಿಯ ಜೊತೆ ಮನೆಗೆ ವಾಪಸ್ ಬಂದಿತ್ತು. ಯಾಕೆ ಬೇಡವಾಯಿತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಹೀಗೆ ಉದ್ದುದ್ದ ಕಾಗದ ಬರೆಯುವ ಚಟ ಅಲ್ಲಿಂದಲೇ ಹತ್ತಿಕೊಂಡಿರಬೇಕು.

ಮೊದಲು ಸಣ್ಣ ತಕರಾರು. ಲೇಖನದಲ್ಲಿ ‘ಸ್ಪೂರ್ತಿ’ ಹದಿನಾಲ್ಕು ಕಡೆ ಬಂದಿದೆ, ಒಂದು ಕಡೆಯೂ ‘ಫ’ಕಾರವಿಲ್ಲ. ಅದು ಸ್ಫೂರ್ತಿ, ಮಹಾಪ್ರಾಣ ಬೇಕು. ಕಾಗುಣಿತವನ್ನು ನಾವೇ ತಿದ್ದಿಕೊಳ್ಳುತ್ತೇವೆ ಬಿಡಿ. ಆದರೆ ಒಂದು ಕೆಲಸ ಮಾಡಿ ನೋಡಿದೆ: ಹದಿನಾಲ್ಕರಲ್ಲಿ ಹದಿಮೂರನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿದೆ. ಯಾವ ವಾಕ್ಯಕ್ಕೂ ಗಾಯವಾಗಲಿಲ್ಲ. ಪ್ರಾಣವೇ ಇಲ್ಲದ ಕಡೆ ಮಹಾಪ್ರಾಣ ಎಲ್ಲಿಂದ ಬರಬೇಕು?

ಹನ್ನೊಂದು ಪುಸ್ತಕ, ಒಂದೊಂದಕ್ಕೆ ಒಂದೊಂದು ಪ್ಯಾರಾ. ‘ಮನಮುಟ್ಟುವ’, ‘ಕಣ್ತೆರೆಸುವ’, ‘ಪ್ರತಿಯೊಬ್ಬರೂ ಓದಲೇಬೇಕಾದ’. ಮೂರನೆಯ ಪುಸ್ತಕದ ಹೊಗಳಿಕೆಯನ್ನು ತೆಗೆದು ಏಳನೆಯದಕ್ಕೆ ತೊಡಿಸಿದೆ, ಸರಿಯಾಗಿಯೇ ಕೂತಿತು. ಸಂತೆಯಲ್ಲಿ ಕೊಂಡ ರೆಡಿಮೇಡ್ ಅಂಗಿಯ ಹಾಗೆ, ಯಾರಿಗಾದರೂ ಆಗುತ್ತೆ.

‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಬರೆಯುವಾಗ ನೀವೂ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂಬ ಸಾಲಿನಿಂದಲೇ ಶುರು ಮಾಡಿದ್ದೀರಿ. ಕುವೆಂಪು 1967ರಲ್ಲಿ ಕಾದಂಬರಿಯ ಬಾಗಿಲಲ್ಲಿ ತೂಗುಹಾಕಿದ ಸಾಲು. ಬಾಗಿಲಲ್ಲೇ ನಿಂತು ಕೈಮುಗಿದು ಹೊರಟುಹೋಗುವ ಲೇಖನಗಳು ನನ್ನ ಮೇಜಿನ ಮೇಲೆ ರಾಶಿ ಬಿದ್ದಿವೆ. ಒಳಗೆ ಗುತ್ತಿ ಇದ್ದಾನೆ, ಅವನ ಹಿಂದೆ ಹುಲಿಯ ಇದ್ದಾನೆ. ಆ ನಾಯಿ ತುಂಬಿದ ತುಂಗೆಯ ಪಾಲಾಗುವ ಪುಟಗಳಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಯಾರೂ ಅಮುಖ್ಯರಲ್ಲ ಅನ್ನುವುದು ನನಗೆ ತಿಳಿದದ್ದು ಅವತ್ತು. ನಿಮ್ಮ ಪ್ಯಾರಾದಲ್ಲಿ ಹುಲಿಯ ಇಲ್ಲ, ಗುತ್ತಿಯೂ ಇಲ್ಲ. ‘ಮಲೆನಾಡಿನ ಬದುಕಿನ ಸಮಗ್ರ ಚಿತ್ರಣ’ ಇದೆ. ಅದು ನಿಮ್ಮ ಮಾತಲ್ಲ. ಯಾವುದೋ ಗೈಡಿನ ಮಾತು, ಐದು ಅಂಕದ ಪ್ರಶ್ನೆಗೆ ಬರೆಯುವ ಉತ್ತರ.

ಹಾಗಾದರೆ ಎರಡು ಸಲ ಯಾಕೆ ಓದಿದೆ? ಒಂಬತ್ತನೆಯ ಪ್ಯಾರಾಕ್ಕೋಸ್ಕರ.

ಅಲ್ಲಿ ‘ಕರ್ವಾಲೊ’ ಬಗ್ಗೆ ಬರೆದಿದ್ದೀರಿ. ಮೊದಲ ನಾಲ್ಕು ಸಾಲು ಯಥಾಪ್ರಕಾರ: ಪರಿಸರ ಪ್ರಜ್ಞೆ, ತೇಜಸ್ವಿಯವರ ಸರಳ ಶೈಲಿ, ಇತ್ಯಾದಿ. ಆಮೇಲೆ, ಆವರಣದಲ್ಲಿ, ಕ್ಷಮೆ ಕೇಳುವ ಹಾಗೆ, ಎರಡು ಸಾಲು. ನಿಮ್ಮೂರಿನ ಲೈಬ್ರರಿಯ ಪ್ರತಿಯಲ್ಲಿ ಕೊನೆಯ ಹಾಳೆಗಳು ಕಿತ್ತುಹೋಗಿದ್ದವು. ಹಾರುವ ಓತಿ ಕೊನೆಗೆ ಸಿಕ್ಕಿತಾ ಅಂತ ಲೈಬ್ರರಿಯವರನ್ನು ಕೇಳಿದ್ದಕ್ಕೆ ಅವರು ‘ಸಿಕ್ತು ಸಿಕ್ತು, ಹಿಡ್ದು ಡಬ್ಬಿಗೆ ಹಾಕ್ಕಂಡ್ರು’ ಅಂದರು. ಎರಡು ವರ್ಷ ಅದನ್ನೇ ನಂಬಿಕೊಂಡಿದ್ದಿರಿ. ಮೈಸೂರಿನ ಹಾಸ್ಟೆಲಿನಲ್ಲಿ ರೂಮ್‌ಮೇಟ್ ಹತ್ತಿರ ಇದ್ದ ಪ್ರತಿಯಲ್ಲಿ ನಿಜವಾದ ಕೊನೆ ಓದಿದಾಗ ‘ಮೋಸ ಹೋದ ಹಾಗೆ ಆಯಿತು’.

ಅಲ್ರೀ, ಇದನ್ನು ಆವರಣದೊಳಗೆ ಹಾಕಿದ್ದೀರಲ್ಲ!

ಇಡೀ ಲೇಖನ ಇರುವುದು ಇಲ್ಲೇ. ಕಾಡೆಲ್ಲ ಅಲೆದು, ಮಂದಣ್ಣ, ಕರ್ವಾಲೊ, ಬಿರಿಯಾನಿ ಕರಿಯಪ್ಪ, ‘ಕಿವಿ’ ಎಂಬ ನಾಯಿ ಎಲ್ಲರೂ ಅದರ ಹಿಂದೆ ಬಿದ್ದು, ಇನ್ನೇನು ಕೈಗೆ ಬಂತು ಅನ್ನುವಾಗ ಓತಿ ಕಣಿವೆಗೆ ಜಿಗಿದು ತೇಲಿಕೊಂಡು ಹೋಗಿಬಿಡುತ್ತದೆ. ಕಾದಂಬರಿ 1980ರದ್ದು; ನನ್ನ ಪೀಳಿಗೆಯವರೆಲ್ಲ ಆ ಕೊನೆಯನ್ನು ಕೊನೆಯಾಗಿಯೇ ಓದಿದವರು. ಎರಡು ವರ್ಷ ಓತಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಬದುಕಿ, ಆಮೇಲೆ ಬಿಡುಗಡೆ ಮಾಡಿದವರು ನೀವೊಬ್ಬರೇ ಇರಬೇಕು. ನಿಮಗೆ ಮೋಸ ಅನ್ನಿಸಿದ್ದು ಯಾಕೆ? ಡಬ್ಬಿಯ ಓತಿಯೇ ಇಷ್ಟವಾಗಿತ್ತೇ? ಲೈಬ್ರರಿಯವರು ಆ ಪುಸ್ತಕ ಓದಿದ್ದರೋ, ಮಗು ಬೇಜಾರು ಮಾಡಿಕೊಳ್ಳದಿರಲಿ ಅಂತ ಬುರುಡೆ ಬಿಟ್ಟರೋ? ಅವರ ಮೇಜು ಹೇಗಿತ್ತು, ಪುಸ್ತಕಕ್ಕೆ ಯಾವ ಬಣ್ಣದ ರಟ್ಟು ಹಾಕಿದ್ದರು, ಹರಿದ ಜಾಗದಲ್ಲಿ ದಾರ ಕಾಣುತ್ತಿತ್ತಾ? ಇವು ನನಗೆ ಬೇಕು. ಉಳಿದ ಹತ್ತು ಪುಸ್ತಕ ಬೇಡ.

ಈಗ ಕತೆ. ಇಲ್ಲಿ ಸ್ವಲ್ಪ ಖಾರವಾಗುತ್ತೇನೆ, ಬೇಜಾರಾಗಬೇಡಿ.

ನೀವು ಗುಂಡ್ಲುಪೇಟೆ ಕಡೆಯವರು ಅಂತ ಬರೆದಿದ್ದೀರಿ. ಕತೆಯಲ್ಲಿ ಜಿಟಿಜಿಟಿ ಮಳೆ, ಅಡಿಕೆ ತೋಟ, ಹಂಚಿನ ಮನೆಯ ಜಗಲಿ, ಕಂಬಳಿಕೊಪ್ಪೆ. ನನಗೆ ಬರುವ ಕತೆಗಳನ್ನು ನಂಬಿದರೆ ಕರ್ನಾಟಕ ಪೂರ್ತಿ ನೆನೆದು ತೊಪ್ಪೆಯಾಗಿರಬೇಕು. ಕೋಲಾರದವರೂ ಆಗುಂಬೆಯ ಮಳೆಯನ್ನೇ ಸುರಿಸುತ್ತಾರೆ. ನಿಮ್ಮ ಕಡೆ ರಸ್ತೆಯ ಎರಡೂ ಬದಿ ಚೆಂಡುಹೂವಿನ ಹೊಲ, ಸೂರ್ಯಕಾಂತಿ, ಅದರ ಮುಂದೆ ಸೆಲ್ಫಿಗೆ ನಿಂತ ಕಾರುಗಳು. ಅದು ಒಂದು ಸಾಲಿನಲ್ಲೂ ಇಲ್ಲ. ಪಾತ್ರಗಳು ತೀರ್ಥಹಳ್ಳಿ ಮಾತಾಡುತ್ತವೆ, ಅದೂ ತಪ್ಪು ತಪ್ಪಾಗಿ.

ಇದು ನಿಮ್ಮೊಬ್ಬರ ಕಾಯಿಲೆ ಅಲ್ಲ. ಕುವೆಂಪು ಅವರಿಗೂ ಆಗಿತ್ತು. 1922ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಅವರು ಅಚ್ಚು ಹಾಕಿಸಿದ ಮೊದಲ ಪುಸ್ತಕ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷ್ ಕವಿತೆಗಳು. ಓದಿದ್ದು ಇಂಗ್ಲಿಷ್ ಕವಿಗಳನ್ನು, ಬರೆದದ್ದೂ ಹಾಗೇ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಆ ಕವಿತೆಗಳನ್ನು ತೋರಿಸಿದರೆ, ನಿನ್ನ ಭಾಷೆಯಲ್ಲಿ ಬರೆ ಅಂದರು. ಈ ಕತೆ ನಿಮಗೂ ಗೊತ್ತಿರುತ್ತದೆ, ಶಾಲೆಯಲ್ಲಿ ಭಾಷಾಭಿಮಾನದ ಪಾಠವಾಗಿ ಹೇಳಿರುತ್ತಾರೆ. ನನಗೆ ಅದು ಸಂಪಾದಕೀಯದ ಕತೆ. ಎಲ್ಲಿಂದಲೋ ಎರವಲು ತಂದದ್ದನ್ನು ಗುರುತಿಸಿ, ಹುಡುಗನನ್ನು ಅವನ ಮನೆಯ ದಾರಿಗೆ ತಿರುಗಿಸಿದ್ದು.

ನಿಮಗೆ ಮನೆಯ ದಾರಿ ಇನ್ನೂ ಹತ್ತಿರ. ಪಕ್ಕದ ನಂಜನಗೂಡು ತಾಲ್ಲೂಕಿನಲ್ಲೇ ದೇವನೂರು ಇದೆ. ದೇವನೂರ ಮಹಾದೇವ ಆ ಕಡೆಯ ಮಾತಿನಲ್ಲೇ ‘ಕುಸುಮಬಾಲೆ’ ಬರೆದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಿಮ್ಮ ಹನ್ನೊಂದರ ಪಟ್ಟಿಯಲ್ಲಿ ಅದು ಇಲ್ಲ. ಬೆಂಗಳೂರಿನ ಎಷ್ಟೋ ಜನ ಅದನ್ನು ಎಡವುತ್ತಾ ಓದುತ್ತಾರೆ. ನಿಮ್ಮ ಅಜ್ಜಿಗೆ ಓದಿ ಹೇಳಿದರೆ ಎಡವುವುದಿಲ್ಲ ಅನ್ನಿಸುತ್ತದೆ. ಹಾಗಂತ ಅದನ್ನೂ ನಕಲು ಮಾಡಬೇಡಿ ಮತ್ತೆ! ಲೈಬ್ರರಿಯವರ ‘ಹಾಕ್ಕಂಡ್ರು’ ಇದೆಯಲ್ಲ, ನೀವು ಕಳಿಸಿದ ಅಷ್ಟೂ ಪುಟಗಳಲ್ಲಿ ಅದೊಂದೇ ಪದ ನನ್ನ ಕಿವಿಗೆ ಬಿದ್ದದ್ದು.

ಮುಖಪತ್ರದಲ್ಲಿ ಕೇಳಿದ್ದೀರಿ: ಇನ್ನೂ ಯಾವ ಪುಸ್ತಕ ಓದಬೇಕು, ಬರೆಯುವ ಹುಮ್ಮಸ್ಸು ಎಲ್ಲಿಂದ ಬರಬೇಕು ಅಂತ. ಪಟ್ಟಿ ಕೊಡುವುದಿಲ್ಲ, ನಿಮ್ಮ ಹತ್ತಿರ ಪಟ್ಟಿ ಸಾಕಷ್ಟಿದೆ. ಜನ ಇದ್ದಾರಾ? 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಗೋಕಾಕ್, ಮಧುರಚೆನ್ನ, ಆನಂದಕಂದ ಎಲ್ಲರೂ ಆಗ ಎಳೆಯರೇ. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿಕೊಂಡು ಬೆಳೆದವರು. ನಿಮ್ಮ ಹಾಸ್ಟೆಲಿನಲ್ಲಿ ನಾಲ್ಕು ಜನ ಸಾಕು. ಭಾನುವಾರ ಊಟವಾದ ಮೇಲೆ ಒಬ್ಬೊಬ್ಬರು ತಮಗಿಷ್ಟವಾದ ಪುಸ್ತಕದಿಂದ ಒಂದು ಪುಟ, ಒಂದೇ ಪುಟ, ಗಟ್ಟಿಯಾಗಿ ಓದಬೇಕು. ‘ಸೂಪರ್ ಆಗಿದೆ’ ಅನ್ನುವಂತಿಲ್ಲ. ಯಾವ ಸಾಲಿಗೆ ಕಿವಿ ನೆಟ್ಟಗಾಯಿತು, ಎಲ್ಲಿ ಆಕಳಿಕೆ ಬಂತು, ಇಷ್ಟು ಹೇಳಿದರೆ ಸಾಕು. ಆಕಳಿಕೆ ಬಂದದ್ದು ದೊಡ್ಡ ಲೇಖಕರ ಪುಟಕ್ಕಾದರೂ ಹೇಳಬೇಕು. ಕರ್ವಾಲೊ ಕೊಟ್ಟ ರೂಮ್‌ಮೇಟನ್ನು ಮೊದಲು ಸೇರಿಸಿಕೊಳ್ಳಿ.

ಈಗ ಕೆಲಸದ ಮಾತು. ಕತೆಯನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಡಿ. ಲೇಖನವನ್ನು ಹೊಸದಾಗಿ ಬರೆಯಿರಿ: ಒಂದು ಪುಸ್ತಕ, ಒಂದು ಲೈಬ್ರರಿ, ಎರಡು ಕೊನೆಗಳು. ಎಂಟುನೂರು ಪದ ಮೀರಬೇಡಿ. ಬರೆಯುವ ಮೊದಲು ಊರಿಗೆ ಹೋದಾಗ ಆ ಪ್ರತಿ ಇನ್ನೂ ಕಪಾಟಿನಲ್ಲಿದೆಯಾ ನೋಡಿ ಬನ್ನಿ. ಇದ್ದರೆ, ನಿಮ್ಮ ನಂತರ ಎಷ್ಟು ಜನ ಅದನ್ನು ಒಯ್ದಿದ್ದಾರೆ ಅಂತ ಒಳರಟ್ಟಿನ ಚೀಟಿಯಲ್ಲಿ ತಾರೀಕಿನ ಮುದ್ರೆಗಳಿರಬಹುದು, ಎಣಿಸಿ. ಅವರಿಗೆಲ್ಲ ಲೈಬ್ರರಿಯವರು ಯಾವ ಕೊನೆ ಹೇಳಿದ್ದಾರೋ ಅದನ್ನೂ ಕೇಳಿ.

ದೀಪಾವಳಿ ಕಳೆದು ಹದಿನೈದು ದಿನದೊಳಗೆ ಕಳಿಸಿದರೆ ಒಳ್ಳೆಯದು. ಯುನಿಕೋಡ್‌ನಲ್ಲಿರಲಿ, ನುಡಿ ಆದರೂ ನಡೆಯುತ್ತದೆ, ಪಿಡಿಎಫ್ ಮಾತ್ರ ಬೇಡ.

ಇಂತಿ,
ಸಂಪಾದಕ