ಕಲಿಯುವವರ ಕೈಗೆ ಕಣ್ಣು ಕೊಡಬೇಕಾ?

ಪ್ರಶ್ನೆ: ಅಮ್ಮನಿಗೆ ಪೊರೆ ಆಪರೇಷನ್ ಆಗಬೇಕು. ಕಲಿಸುವ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ರೋಗಿಗಳ ಮೇಲೆ ಪ್ರಯೋಗ ಮಾಡುತ್ತಾರಂತೆ. ಮೊನ್ನೆ ಒಂದೇ ಕಣ್ಣನ್ನು ಮೂವರು ನೋಡಿದರು. ಯಾಕೆ?

ಉತ್ತರ: ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಇದೇ. ನಿಮಗೆ ಬೇಕಾದ 'ದೊಡ್ಡ ಡಾಕ್ಟರು' ಕಲಿತದ್ದಾದರೂ ಎಲ್ಲಿ? ಬೆಂಗಳೂರಿನ ಮಿಂಟೊದಂಥ ಆಸ್ಪತ್ರೆಯಲ್ಲೇ, ಹಿರಿಯರ ಪಕ್ಕ ಕೂತು.

ಮೊದಲು ಕೈ ಪಳಗುವುದು ಮೇಕೆ ಕಣ್ಣಿನ ಮೇಲೆ. ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿದು, ಬಿಚ್ಚಿ, ಮತ್ತೆ ಹೊಲಿಯಬೇಕು. ಆಮೇಲೆ ರೋಗಿಯ ಕಣ್ಣು. ಅದೂ ಒಂದೊಂದೇ ಹಂತ. ಮೈಕ್ರೋಸ್ಕೋಪಿನಲ್ಲಿ ಇಬ್ಬರು ಒಟ್ಟಿಗೆ ನೋಡಬಹುದು. ಪೊರೆಯ ಮುಂದಿನ ತೆಳು ಚೀಲವನ್ನು ದುಂಡಗೆ ಬಿಡಿಸುವಾಗ ಅದು ಅಂಚಿನ ಕಡೆ ಹರಿಯತೊಡಗಿದರೆ ಸಾಕು, 'ಬಿಡು' ಅಂತಾರೆ ಮೇಷ್ಟ್ರು. ಮುಂದಿನದು ಅವರ ಕೈಯಲ್ಲಿ.

ಮೂವರು ನೋಡಿದ್ದಕ್ಕೆ ಸಿಟ್ಟು ಯಾಕೆ? ಕನ್ನಡಕದ ನಂಬರ್ ನೋಡಿದವರು ಒಬ್ಬರು, ಪಿಜಿ ವಿದ್ಯಾರ್ಥಿ ಇನ್ನೊಬ್ಬರು, ಕೊನೆಗೆ ಹಿರಿಯರು. ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯ ಪರದೆಯಲ್ಲಿ, ಜಿನುಗಿದ ರಕ್ತ ಮೊದಲನೆಯವರಿಗೆ ತಪ್ಪಿದರೆ ಮೂರನೆಯವರಿಗಾದರೂ ಸಿಗಲಿ ಅಂತಲೇ ಈ ವ್ಯವಸ್ಥೆ.

ನೀವು ಕೇಳಬೇಕಾದ್ದು ಬೇರೆ: ಆಪರೇಷನ್ ಮಾಡುವವರು ಯಾರು, ಪಕ್ಕದಲ್ಲಿ ಯಾರಿರುತ್ತಾರೆ? ಇದನ್ನು ಕೇಳುವುದು ನಿಮ್ಮ ಹಕ್ಕು. ಅಮ್ಮನಿಗೆ ಕಾಣುವುದು ಅದೊಂದೇ ಕಣ್ಣಾದರೆ ಹಿರಿಯರೇ ಮಾಡಲಿ ಅಂತ ಹಟ ಹಿಡಿಯಿರಿ. ನನ್ನ ಅಮ್ಮನಾಗಿದ್ದರೆ ನಾನೂ ಹಾಗೇ ಮಾಡುತ್ತೇನೆ. ಸಂಶೋಧನೆಗೆ ಸೇರಿಸಿಕೊಳ್ಳಲು ಸಹಿ ಕೇಳಿದರೆ ಪೂರ್ತಿ ಓದಿ. ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಪ್ರಶ್ನೆ: ಆಸ್ಪತ್ರೆಗೆ ಸಂಶೋಧನೆ ಯಾಕೆ? ಚಿಕಿತ್ಸೆ ಕೊಟ್ಟರೆ ಸಾಕಲ್ವಾ?

ಉತ್ತರ: 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು ಅಂತ ಎಲ್ಲರೂ ಹೇಳುತ್ತೀರಿ. ಹೇಗೆ ಅಂತ ಕೇಳಿದಿರಾ? ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆ, ಅದರ ಪದರ ಬಿಡಿಸಿ, ಮುಂದಿನದು ಒಬ್ಬರಿಗೆ, ಹಿಂದಿನದು ಇನ್ನೊಬ್ಬರಿಗೆ ಹಾಕಿದರು. ಸಂಶೋಧನೆ ಇಲ್ಲದಿದ್ದರೆ ಆ ವಿದ್ಯೆಯೇ ಇರುತ್ತಿರಲಿಲ್ಲ.

ಪ್ರಶ್ನೆ: ಪೊರೆ ಹಣ್ಣಾಗುವವರೆಗೆ ಕಾಯಬೇಕಾ?

ಉತ್ತರ: ಬೇಡ. ಅದೇನು ಮಾವಿನಕಾಯಿಯಾ?

ಪ್ರಶ್ನೆ: ಪೊರೆ ಕರಗಿಸುವ ಡ್ರಾಪ್ಸ್ ಇದೆಯಂತೆ?

ಉತ್ತರ: ಇಲ್ಲ. ಮಾರುವವರು ಮಾತ್ರ ಇದ್ದಾರೆ.

ಪ್ರಶ್ನೆ: ಒಕ್ಕಣೆಯಲ್ಲಿ ಕಣ್ಣಿಗೆ ಭತ್ತದ ಹೊಟ್ಟು ಬಿತ್ತು. ಪಂಡಿತರು ಎಲೆ ರಸ ಬಿಟ್ಟರು. ಕೆಂಪು ಹೋಗಲಿಲ್ಲ, ಮೆಡಿಕಲ್ ಶಾಪಿನಲ್ಲಿ ಡ್ರಾಪ್ಸ್ ತಗೊಂಡೆ.

ಉತ್ತರ: ಎರಡನ್ನೂ ಈಗಲೇ ನಿಲ್ಲಿಸಿ. ಹೊಟ್ಟಿನ ಗಾಯದಲ್ಲಿ ಫಂಗಸ್ ಸೇರಿಕೊಳ್ಳಬಹುದು. ಕೆಂಪು ಹೋಗಲಿ ಅಂತ ಕೊಡುವ ಡ್ರಾಪ್ಸಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ಅದರಿಂದ ಫಂಗಸ್ ಇನ್ನೂ ಜಾಸ್ತಿಯಾಗುತ್ತದೆ. ನನಗೆ ಪತ್ರ ಬರೆದು ಉತ್ತರಕ್ಕೆ ಕಾಯುವ ಕಾಯಿಲೆ ಅಲ್ಲ ಇದು. ಆ ಬಾಟಲಿಯನ್ನೂ ಹಿಡಿದುಕೊಂಡು ಇವತ್ತೇ ಕಣ್ಣಾಸ್ಪತ್ರೆಗೆ ಹೋಗಿ.